ಬಿಸಿ ರೋಡಿಗೆ ಬಂದ ಅಪ್‌ಡೇಟ್

ನಮ್ಮ ಕಡೆ ಯಾರೂ ನೇರವಾಗಿ ‘ಇಲ್ಲ’ ಎನ್ನುವುದಿಲ್ಲ, ‘ನೋಡುವ’ ಎನ್ನುತ್ತೇವೆ. ಮದುವೆಗೆ ಬರ್ತೀರಾ ಎಂದರೆ ನೋಡುವ, ಫ್ಯಾನು ಇವತ್ತೇ ರಿಪೇರಿ ಆಗ್ತದಾ ಎಂದರೂ ನೋಡುವ. ಕೇಳಿದವನಿಗೆ ಅರ್ಥವಾಗುತ್ತದೆ, ಹೇಳಿದವನ ಮರ್ಯಾದೆಯೂ ಉಳಿಯುತ್ತದೆ. ಹೀಗೆ ಬೆಳೆದ ನನಗೆ ಕಂಪ್ಯೂಟರಿನ ಮೇಲಿರುವ ಮುಖ್ಯ ಸಿಟ್ಟೆಂದರೆ ಅದರಲ್ಲಿ ‘ನೋಡುವ’ ಎಂಬ ಬಟನ್ ಇಲ್ಲದಿರುವುದು. ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳಂತೂ ಕೇಳುವ ಸೌಜನ್ಯವನ್ನೂ ಇಟ್ಟುಕೊಂಡಿಲ್ಲ. ನಿನ್ನೆ ಒಂದು ಥರ ಇದ್ದದ್ದು ಇವತ್ತು ತಾನಾಗಿಯೇ ಅಪ್‌ಡೇಟ್ ಆಗಿ ಇನ್ನೊಂದು ಥರ ಆಗಿರುತ್ತದೆ. ನನ್ನದು ಮೆಲ್ಕಾರಿನಲ್ಲಿ ಸ್ವಿಚ್ಚು, ಬಲ್ಬು, ವಯರು ಮಾರುವ ಅಂಗಡಿ. ಲೋಕದಲ್ಲಿ ಪ್ರತಿಯೊಂದಕ್ಕೂ ಎಲ್ಲೋ ಒಂದು ಸ್ವಿಚ್ಚು ಇರಲೇಬೇಕೆಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತದಿಂದ ಬದುಕಿಗೆ ಹೆಚ್ಚೇನೂ ಪ್ರಯೋಜನ ಆಗಿಲ್ಲ, ಅಂಗಡಿ ಮಾತ್ರ ನಡೆದಿದೆ.

ನನ್ನ ಹೆಂಡತಿ ಸುಜಾತ ಬಂಟ್ವಾಳದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್ ಆಗಿದ್ದು ನಿವೃತ್ತಳಾದವಳು. ಕಳೆದ ವರ್ಷ ಅವಳ ಕಣ್ಣಿನ ನರಕ್ಕೆ ತೊಂದರೆಯಾಯಿತು. ಮನುಷ್ಯರು ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ. “ನೀವು ಕಾಣದಿದ್ದರೂ ಸುಧಾರಿಸಬಹುದಿತ್ತು, ಪೇಪರ್ ಕಾಣಬೇಕಿತ್ತು” ಎಂದು ಮೊದಮೊದಲು ತಮಾಷೆ ಮಾಡಿದಳು. ಆಮೇಲೆ ತಮಾಷೆಯೂ ನಿಂತಿತು. ಬೆಳಗ್ಗೆ ಕಾಫಿ ಹಿಡಿದು ನಿಧನ ವಾರ್ತೆಯಿಂದ ಶುರುಮಾಡಿ ಇಡೀ ಪೇಪರನ್ನು ಮುಗಿಸುತ್ತಿದ್ದವಳು ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ನೋಡಲಾರದೆ ನಾನೇ ಓದಿ ಹೇಳೋಣವೆಂದರೆ ನನಗೆ ಅಂಗಡಿ ತೆರೆಯುವ ಗಡಿಬಿಡಿ. ಹುಡುಕಿ ಹುಡುಕಿ, ಪೇಪರಿನ ವೆಬ್‌ಸೈಟನ್ನು ಗಟ್ಟಿಯಾಗಿ ಓದುವ ಒಂದು ಎಕ್ಸ್‌ಟೆನ್ಶನ್ ಹಾಕಿಕೊಟ್ಟೆ.

ಅದರೊಳಗಿನ ಹೆಂಗಸು ಎಲ್ಲಿಯವಳೋ, ಚುಕ್ಕಿ ಎಂದರೆ ಅವಳಿಗೆ ಲೆಕ್ಕಕ್ಕೇ ಇಲ್ಲ. ‘ದ.ಕ. ಜಿಲ್ಲೆ’ಯನ್ನು ‘ದಕ ಜಿಲ್ಲೆ’ ಎಂದಳು. ನಮ್ಮ ತಾಲೂಕಿನ ಪೇಟೆ ಬಿ.ಸಿ. ರೋಡ್, ಅದರ ಹೆಸರಿಲ್ಲದೆ ಇಲ್ಲಿ ಯಾವ ಪೇಪರೂ ಬರುವುದಿಲ್ಲ. ಅವಳು ದಿನಾ ‘ಬಿಸಿ ರೋಡ್’ ಎಂದೇ ಓದುತ್ತಿದ್ದಳು. “ಬಿ ಬೇರೆ, ಸಿ ಬೇರೆ. ರೋಡೇನು ಚಹಾವಾ ಬಿಸಿ ಇರ್ಲಿಕ್ಕೆ? ಗಮನ ಎಲ್ಲುಂಟು ನಿಂದು?” ಎಂದು ಸುಜಾತ ಒಳಗಿಂದ ಗದರುವುದು ಗಡ್ಡ ಹೆರೆಯುತ್ತಿದ್ದ ನನಗೆ ಕೇಳಿಸುತ್ತಿತ್ತು. ಮನೆಯಲ್ಲಿ ನಾವು ಮಾತಾಡುವುದು ತುಳು. ಲ್ಯಾಪ್‌ಟಾಪಿಗೆ ಬೈಯುವಾಗ ಮಾತ್ರ ಅವಳು ಶಾಲೆಯ ಕನ್ನಡಕ್ಕೆ ಬರುತ್ತಿದ್ದಳು, ಧ್ವನಿಯೂ ಹಳೆಯ ಎತ್ತರಕ್ಕೆ ಏರುತ್ತಿತ್ತು. ತಿಂಗಳುಗಟ್ಟಲೆ ಕೇಳದಿದ್ದ ಆ ಧ್ವನಿ ಕೇಳಿ ನನಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ, ಒಂದೇ ಕೆನ್ನೆಯನ್ನು ಎರಡೆರಡು ಸಲ ಹೆರೆದು ಅಂಗಡಿಗೆ ತಡಮಾಡಿಕೊಳ್ಳುತ್ತಿದ್ದೆ.

ಹಾಗಿರುವಾಗ ಅಪ್‌ಡೇಟ್ ಬಂತು. ಒಂದು ಬೆಳಗ್ಗೆ ಆ ಹೆಂಗಸು ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಳು. ‘ಬಿ’ ಎಂದು ನಿಂತು, ‘ಸಿ’ ಎಂದು ನಿಂತು, ಆಮೇಲೆ ‘ರೋಡ್’ ಎಂದಳು. ಒಂದು ತಪ್ಪೂ ಇಲ್ಲ. ಸುಜಾತನ ಮಾತೂ ಇಲ್ಲ. ಮರುದಿನವೂ ಇಲ್ಲ, ಆಮೇಲೆಯೂ ಇಲ್ಲ. ಇಣುಕಿದರೆ ಕಣ್ಣುಮುಚ್ಚಿ ಕೂತಿದ್ದಾಳೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಕಿಟಕಿಯ ಹತ್ತಿರದ ಆ ದಿನಗಳು ಪುನಃ ಬಂದವೆಂದೇ ತಿಳಿದೆ.

ಶಿರ್ತಾಡಿಯಿಂದ ಬೈಕಿನಲ್ಲಿ ಬಂದಿದ್ದ ಭಾವನೊಡನೆ ಹೇಳಿಕೊಂಡರೆ ಅವನು, “ನೆಟ್ಟೇ ತೆಗೆದುಬಿಡುವ. ಮತ್ತೆ ಅಪ್‌ಡೇಟ್ ಎಲ್ಲಿಂದ ಬರ್ತದೆ ಮಾರಾಯ?” ಎಂದ. ಪೇಪರ್ ಎಲ್ಲಿಂದ ಬರ್ತದೆ ಎಂದು ಕೇಳಿದೆ. “ಅದೊಂದು ಉಂಟಲ್ಲ” ಎಂದು ಯೋಚಿಸುತ್ತಾ ಊಟಕ್ಕೆ ಕೂತ. ಕೊನೆಗೆ ನನ್ನ ಸಿದ್ಧಾಂತವೇ ಗೆದ್ದಿತು. ಬ್ರೌಸರಿನ ಸೆಟ್ಟಿಂಗ್ಸ್ ತಡಕಿದಾಗ, ಬೇರೆಯವನ್ನು ಮುಟ್ಟದೆ ಆ ಒಂದು ಎಕ್ಸ್‌ಟೆನ್ಶನ್ನಿನ ಅಪ್‌ಡೇಟನ್ನು ಮಾತ್ರ ನಿಲ್ಲಿಸುವ ಸ್ವಿಚ್ಚು ಸಿಕ್ಕಿತು. ಅದನ್ನು ಆಫ್ ಮಾಡಿ, ಹಳೆಯ ಆವೃತ್ತಿಯನ್ನು ಹುಡುಕಿ ಪುನಃ ಹಾಕಿದೆ. ಸುಜಾತನಿಗೆ ಹೇಳಲಿಲ್ಲ, ತಾನಾಗಿ ಗೊತ್ತಾಗಲಿ ಎಂದುಕೊಂಡೆ.

ಮರುದಿನ ಬೆಳಗ್ಗೆ ‘ಬಿಸಿ ರೋಡ್’ ಎಂದದ್ದು ಕೇಳಿಸಿತು. ನಾನು ರೇಜರು ಹಿಡಿದು ಕಾದೆ. ಗದರಿಕೆ ಬರಲಿಲ್ಲ, ನನ್ನನ್ನು ಕರೆದಳು.

“ಇದಕ್ಕೆ ಏನು ಮಾಡಿದ್ರಿ ನೀವು?”

ಹೇಳಿದೆ. ಅವಳು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು. “ಚಂದ ಓದ್ತಾ ಇತ್ತಲ್ಲ. ಪಾಸಾದ ಮಗುವನ್ನು ಪುನಃ ಕೆಳಗಿನ ಕ್ಲಾಸಿಗೆ ಹಾಕುವುದುಂಟಾ?”

“ನಿನ್ನ ಮಾತೇ ಇರ್ಲಿಲ್ಲ. ನಿನಗೆ ಬೇಜಾರಾಯ್ತು ಅಂತ ಗ್ರಹಿಸಿದೆ.”

“ಕೇಳ್ತಾ ಇದ್ದೆ ಮಾರಾಯ್ರೆ. ಇಷ್ಟು ದಿನ ತಪ್ಪು ಕೇಳಿದ್ದೇ ಆಯ್ತು. ಈಗ ಸುದ್ದಿ ಕೇಳ್ಲಿಕ್ಕೆ ಸಿಕ್ಕಿತ್ತು.”

ಸ್ವಿಚ್ಚನ್ನು ಪುನಃ ಆನ್ ಮಾಡಿದೆ. ಆ ಹೆಂಗಸು ಮೇಲಿನ ಕ್ಲಾಸಿಗೆ ಹೋದಳು, ಸುಜಾತ ಕಣ್ಣುಮುಚ್ಚಿ ನೆಮ್ಮದಿಯಿಂದ ಊರ ಸುದ್ದಿಯೆಲ್ಲ ಕೇಳತೊಡಗಿದಳು. ಗದರಿಕೆ ಇಲ್ಲದೆ ಬೇಜಾರಾಗಿದ್ದದ್ದು ಅವಳಿಗಲ್ಲ, ನನಗೆ. ಗಡ್ಡ ಬೇಗ ಮುಗಿಯುತ್ತಿತ್ತು, ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯುತ್ತಿತ್ತು, ಮನೆ ಬಿಡುವಾಗ ಏನೋ ಒಂದು ಕಡಿಮೆಯಾದಂತೆ ಇರುತ್ತಿತ್ತು.

ಮೊನ್ನೆ ಪಕ್ಕದವರು ತಮ್ಮ ಹೊಸ ಮನೆಯ ಒಕ್ಕಲಿಗೆ ಕರೆಯಲು ಬಂದು ಆಮಂತ್ರಣದ ಕಾಗದ ಕೊಟ್ಟು ಹೋದರು. ಕಾಗದಕ್ಕೆ ಎಕ್ಸ್‌ಟೆನ್ಶನ್ ಇಲ್ಲದ ಕಾರಣ ನಾನೇ ಓದಬೇಕಾಯಿತು. ಗಂಟಲು ಸರಿಮಾಡಿಕೊಂಡು ‘ಗ್ರಹಪ್ರವೇಶ’ ಎಂದು ಗಟ್ಟಿಯಾಗಿ ಶುರುಮಾಡಿದೆ.

“ಗ್ರಹ ಅಲ್ಲ, ಗೃಹ. ಅವರು ಹೋಗುವುದು ಮನೆಗೆ, ಶನಿಗಲ್ಲ. ಮೊದಲಿಂದ ಓದು.”

ಕನ್ನಡದಲ್ಲಿ, ಅದೂ ಏಕವಚನದಲ್ಲಿ. ಮದುವೆಯಾದಂದಿನಿಂದ ನನ್ನನ್ನು ‘ನೀವು’ ಎನ್ನುತ್ತಾ ಬಂದವಳು. ನಾನು ಬೆನ್ನು ನೇರಮಾಡಿಕೊಂಡು ಮೊದಲಿಂದ ಓದಿದೆ, ಮನಸ್ಸು ತುಂಬಿ ಬಂತು. ಅವಳ ಗದರಿಕೆಗಾಗಿ ಬೇಕೆಂದೇ ತಪ್ಪು ಓದಿದೆನೆಂದು ನಿಮ್ಮೆದುರು ಜಂಬ ಕೊಚ್ಚಿಕೊಳ್ಳಬಹುದಿತ್ತು. ಆದರೆ ಅದು ‘ಗೃಹ’ ಎಂದು ನನಗೆ ಗೊತ್ತಾದದ್ದೇ ಅವತ್ತು.