ಮೊಡವೆ ಎದ್ದವರಿಗೊಂದು ಬುಟ್ಟಿ

ನಮ್ಮ ಸೋದರತ್ತೆಯ ಕೈಯಿಂದ ದೀಪಾವಳಿಯ ಉಡುಗೊರೆ ಪಡೆಯುವುದು ಸುಲಭವಲ್ಲ. ಅದಕ್ಕೆ ಒಂದೋ ನಿಮ್ಮ ದನಿ ಒಡೆದಿರಬೇಕು, ಇಲ್ಲವೇ ಮುಖದ ಮೇಲೆ ಒಂದಾದರೂ ಮೊಡವೆ ಎದ್ದಿರಬೇಕು! ತೊದಲು ಮಾತಿನ ಮಗು ಬಂದು ಸೆರಗು ಜಗ್ಗಿದರೂ "ಬೆಳೆದ ಮ್ಯಾಲೆ ಬಾರಪ್ಪ" ಎಂದು ಕಳಿಸಿಬಿಡುತ್ತಾರೆ.

"ಸಣ್ಣವಕ್ಕೆ ಎಲ್ಲಾರೂ ಕೊಡ್ತಾರೆ. ದೊಡ್ಡೋರು ತಾವೇ ತಗೊಂತಾರೆ. ನಡುವೆ ನಿಂತಿರೋ ಇವಕ್ಕೆ ಸಿಗೋದು ಬರೀ ಬೈಗುಳ" ಎಂಬುದು ಅತ್ತೆಯ ವಾದ. ಇಪ್ಪತ್ತೈದು ವರ್ಷ ಬಸ್ ಕಂಡಕ್ಟರ್ ಆಗಿದ್ದವರ ಎದುರು ವಾದಿಸಿ ಗೆದ್ದವರುಂಟೇ?

ನಿವೃತ್ತರಾಗಿ ನ್ಯಾಮತಿಯಲ್ಲಿ ನೆಲೆಸಿದ ಮೇಲೆ ಹಬ್ಬದ ಹಿಂದಿನ ಇಡೀ ತಿಂಗಳು ಬುಟ್ಟಿಗಳಿಗೇ ಮೀಸಲು. ಸವಳಂಗದಿಂದ ಬಿದಿರಿನ ಬುಟ್ಟಿ ತರಿಸುತ್ತಾರೆ. ತುಂಬುವಾಗ ನೋಡಬೇಕು ನೀವು! ಸೋಪು, ಸಾಕ್ಸು, ಚಕ್ಕುಲಿ ಪೊಟ್ಟಣ, ಎಲ್ಲಕ್ಕೂ ಒಂದೇ ಆಜ್ಞೆ: "ಒಳಗೆ ಸರೀರಿ, ಇನ್ನೂ ಜಾಗ ಐತೆ! ಬಾಗಿಲಲ್ಲೇ ನಿಂತ್ರೆ ಹೆಂಗೆ?" ಪಾಪ, ಚಕ್ಕುಲಿ ಮಾತು ಕೇಳಿ ಸರಿಯುತ್ತದೆ, ಪುಡಿಯಾಗುತ್ತದೆ.

ಏನು ಬೇಕೆಂದು ಅತ್ತೆ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಆ ವಯಸ್ಸಿನವರು "ಏನೂ ಬ್ಯಾಡ" ಅನ್ನುತ್ತಾರಂತೆ. ಅದಕ್ಕೇ ತಿಂಗಳು ಮೊದಲೇ ಒಬ್ಬೊಬ್ಬರ ಮನೆಗೂ ಹೋಗಿ, ಮೂಲೆಯಲ್ಲಿ ಕೂತು, ಪೊಲೀಸರಂತೆ ಗಮನಿಸಿ ಬರುತ್ತಾರೆ.

ಹೋದ ವರ್ಷ ಹಬ್ಬಕ್ಕೆ ಮೂರು ದಿನ ಮುಂಚೆ ಅತ್ತೆ ಮೂರು ಬುಟ್ಟಿಗಳೊಂದಿಗೆ ಹೊರಟರು. ಹೊರುವವಳು ನಾನು. ಮೊದಲು ಹೊನ್ನಾಳಿ, ನಮ್ಮಣ್ಣನ ಮನೆ. ಅವನ ಹದಿನೈದರ ಮಗ ಯಾರಾದರೂ ಬಂದರೆ ಕರವಸ್ತ್ರದಿಂದ ಮೂತಿ ಮುಚ್ಚಿಕೊಳ್ಳುವುದನ್ನು ಅತ್ತೆ ಕಂಡಿದ್ದರು. ಮನೆ ತುಂಬ ನೆಂಟರು. ಅವರೆದುರೇ ಬುಟ್ಟಿಯಿಂದ ರೇಜರು, ನೊರೆಯ ಡಬ್ಬಿ ಎತ್ತಿ ಹಿಡಿದರು!

"ಮೀಸೆ ಬರಾಕೆ ಹತ್ತೈತೆ, ನಾಚಿಕೆ ಯಾಕೋ? ನಿಮ್ಮಪ್ಪ ನಿನ್ನ ವಯಸ್ಸಲ್ಲಿ ಕದ್ದು ಬೋಳಿಸ್ಕೊಳಾಕೆ ಹೋಗಿ ಗದ್ದ ಕುಯ್ಕೊಂಡಿದ್ದ."

ಅಣ್ಣನಿಗೆ ತಟ್ಟನೆ ಅಂಗಡಿಯ ಕೆಲಸ ನೆನಪಾಯಿತು. ಹುಡುಗ ಬುಟ್ಟಿ ಕಸಿದುಕೊಂಡು ಓಡಿದ. ಅರ್ಧ ಗಂಟೆಯ ಮೇಲೆ ಬಚ್ಚಲಿನಿಂದ ಅವನೂ ಪಕ್ಕದ ಮನೆಯ ಇಬ್ಬರು ಗೆಳೆಯರೂ ಫಳಫಳ ಹೊಳೆಯುತ್ತ ಹೊರಬಂದರು. ಒಬ್ಬನಿಗೆ ಅರ್ಧ ಹುಬ್ಬೇ ಇರಲಿಲ್ಲ! ಅತ್ತೆ ಅವನ ಮುಖ ತಿರುಗಿಸಿ ನೋಡಿ, "ಇರಲಿ ಬಿಡು, ಬೆಳೀತೈತೆ" ಎಂದು ಟೀ ಕುಡಿದರು.

ಮರುದಿನ ಚನ್ನಗಿರಿಯಲ್ಲಿ ನನ್ನ ತಂಗಿಯ ಮನೆ. ಅವಳ ಹದಿನಾಲ್ಕರ ಮಗಳ ಬುಟ್ಟಿಯಲ್ಲಿದ್ದದ್ದು ಸ್ಕ್ರೂಡ್ರೈವರ್, ಟೆಸ್ಟರ್, ಇಕ್ಕಳ, ಟೇಪು.

ತಂಗಿ ಮುಖ ಗಂಟಿಕ್ಕಿದಳು. "ಹೆಣ್ಣುಡುಗೀಗೆ ಇದೆಲ್ಲ ಯಾಕತ್ತೆ? ಬಳೆ, ಕ್ಲಿಪ್ಪು ಸಿಗಲಿಲ್ವಾ?"

"ನಿಮ್ಮನೆ ಫ್ಯಾನ್ ತಿರುಗ್ತೈತಾ?"

"ಕೆಟ್ಟು ತಿಂಗಳಾತು."

"ಮತ್ತೆ?"

ನಾವು ಮಂಡಕ್ಕಿ ತಿಂದು ಮುಗಿಸುವುದರೊಳಗೆ ಹುಡುಗಿ ಫ್ಯಾನ್ ಬಿಚ್ಚಿ, ಜೋಡಿಸಿ, ಸ್ವಿಚ್ ಒತ್ತಿದಳು. ತಿರುಗಿತು! ಆದರೆ ಉಲ್ಟಾ! ಗಾಳಿಯೆಲ್ಲ ಮೇಲಕ್ಕೆ ಹೋಗಿ ಜೇಡರಬಲೆಗಳು ಹಾಯಾಗಿ ತೂಗಾಡಿದವು. "ತಿರುಗೋದು ಕಲಿಸ್ಯಾಳೆ. ಯಾವ ಕಡೆ ಅನ್ನೋದು ನಾಳೆ ಕಲಿಸ್ತಾಳೆ" ಎಂದು ಅತ್ತೆ ಎದ್ದರು.

ಮೂರನೆಯ ದಿನ ಜಗಳೂರಿನ ಬಸ್ಸಿನಲ್ಲಿ ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಬಿಚ್ಚಿ ಕಟ್ಟಿದರು. ಅಲ್ಲಿರುವುದು ನಮ್ಮ ಚಿಕ್ಕಪ್ಪ ಮತ್ತು ಅವರ ಹದಿನಾರರ ಮಗಳು. ಚಿಕ್ಕಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಹೋದ ನೆಂಟರೆಲ್ಲ ಆ ಹುಡುಗಿಗೆ ಕೊಟ್ಟದ್ದು ಕುಕ್ಕರು, ಡಬ್ಬಿ, ಬುದ್ಧಿಮಾತು.

ನಾವು ಹೋದಾಗ ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ತೊಳೆದುಕೊಂಡು ಬಂದು ಬುಟ್ಟಿ ಬಿಚ್ಚಿದಳು. ಜುಮುಕಿ, ಉಗುರಿನ ಬಣ್ಣ, ಒಂದು ದೆವ್ವದ ಕಾದಂಬರಿ, ಹೊಳೆಯುವ ಚಪ್ಪಲಿ. ಅಡುಗೆಮನೆಗೆ ಸೇರುವಂಥದ್ದು ಒಂದೂ ಇರಲಿಲ್ಲ. ಜುಮುಕಿಯನ್ನು ಕಿವಿಗೆ ಹಿಡಿದು ನೋಡಿ, ಮತ್ತೆ ಬುಟ್ಟಿಗೇ ಇಟ್ಟಳು.

"ಭಾಳ ಚೆನ್ನಾಗೈತೆ ಅತ್ತೆ. ಆದ್ರೆ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ? ಈ ವರ್ಷ ನಮ್ಮನೇಲಿ ಹಬ್ಬ ಇಲ್ಲಲ್ಲ."

ಅತ್ತೆ ಆ ಜುಮುಕಿಯನ್ನು ಎತ್ತಿ ಅವಳ ಅಂಗೈಗಿಟ್ಟು ಕೇಳಿದರು:

"ಹಬ್ಬ ಇಲ್ಲ, ಸರಿ. ನಿಂಗೆ ಹದಿನಾರು ಐತಲ್ಲ, ಅದು ಐತೋ, ಅದೂ ಇಲ್ವೋ?"

ಹುಡುಗಿ ತಲೆ ತಗ್ಗಿಸಿದಳು.

"ಗೆಳತೇರು ಎಲ್ಲೈದಾರೆ?"

"ಓಣಿ ಕೊನೆ ಮನೇಲಿ. ಮೆಹಂದಿ ಹಾಕ್ಕೊಳ್ತಿದಾರೆ. ಕರೆದಿದ್ರು. ಅಪ್ಪಂಗೆ ಊಟ..."

"ಅವ್ನು ನನ್ನ ತಮ್ಮ. ಉಣಿಸಾಕೆ ನಂಗೆ ಬರ್ತೈತೆ. ಚಪ್ಪಲಿ ಮೆಟ್ಟು, ನಡಿ!"

ಹೊಸ್ತಿಲಲ್ಲಿ ಪೇಪರ್ ಓದುತ್ತಿದ್ದ ಚಿಕ್ಕಪ್ಪ ಅಕ್ಕನ ಮುಖ ನೋಡಿ, ಮಗಳಿಗೆ ದಾರಿ ಬಿಟ್ಟು ಸರಿದು ಕೂತರು. ಅತ್ತೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತರು. ಆ ರೊಟ್ಟಿಗಳ ಆಕಾರ ಮಾತ್ರ ಕೇಳಬೇಡಿ, ಒಂದೊಂದೂ ಒಂದೊಂದು ತಾಲ್ಲೂಕಿನ ನಕ್ಷೆ!

ಸಂಜೆ ಹುಡುಗಿ ಬಂದಳು. ಮೊಣಕೈವರೆಗೂ ಹಸಿ ಮೆಹಂದಿ. ಎರಡೂ ಕೈ ಮುಂದೆ ಚಾಚಿಕೊಂಡು, ಬಾಗಿಲನ್ನು ಭುಜದಿಂದ ತಳ್ಳಿ, ನಗುತ್ತ ಒಳಗೆ ಬಂದು, "ಅತ್ತೆ, ಹಸಿವಾಗ್ತೈತೆ" ಎಂದಳು.

ಅತ್ತೆ ರೊಟ್ಟಿ ಮುರಿದು, ಪಲ್ಯ ಸುತ್ತಿ, ತುತ್ತು ಮಾಡಿ ಅವಳ ಬಾಯಿಗಿಟ್ಟರು. ಎಂಟು ತಿಂಗಳಿಂದ ಎಲ್ಲರಿಗೂ ಬಡಿಸುತ್ತಿದ್ದ ಹುಡುಗಿ ಚಕ್ಕಳಮಕ್ಕಳ ಹಾಕಿ, ಬಾಯಿ ತೆರೆದು ಕೂತಳು. ಚಿಕ್ಕಪ್ಪ ಚೊಂಬಿನಲ್ಲಿ ನೀರು ತಂದು ಮಗಳ ಪಕ್ಕದಲ್ಲಿಟ್ಟು, ಅಲ್ಲೇ ಕೂತರು.