ಮೂರು ಬೆರಳು ಗುಲ್ಮ

ಗೋಪಾಳದ ಸಿಟಿ ಬಸ್ಸು ತಪ್ಪಿದ್ದೇ ಎಲ್ಲಕ್ಕೂ ಮೂಲ. ಎಂಟಕ್ಕೆ ವಾರ್ಡಿನಲ್ಲಿರಬೇಕಾದ ವೈದ್ಯಕೀಯ ವಿದ್ಯಾರ್ಥಿ ಅಭಯ, ಶಿವಮೊಗ್ಗದ ಆಸ್ಪತ್ರೆ ಮುಟ್ಟಿದಾಗ ಒಂಬತ್ತೂವರೆ. ಹತ್ತಕ್ಕೆ ಪ್ರೊಫೆಸರ್ ಶಶಿಧರ್ ಬರುತ್ತಾರೆ. ಅಷ್ಟರಲ್ಲಿ ಹದಿನಾಲ್ಕನೇ ಮಂಚದ ರೋಗಿಯನ್ನು ಪರೀಕ್ಷಿಸಿ ಎಲ್ಲರೆದುರು ವರದಿ ಒಪ್ಪಿಸಬೇಕು. ಜೀವನದ ಮೊದಲ ರೋಗಿ. ಸರಿ ಹೇಳಿದರೆ ಪಾಸಿನ ಸಹಿ. ತಪ್ಪಿದರೆ ಈ ವಾರ್ಡಿನ ಇಡೀ ಪೋಸ್ಟಿಂಗ್ ಮತ್ತೆ ಮೊದಲಿನಿಂದ, ಅದೂ ಜೂನಿಯರ್‌ಗಳ ಜೊತೆ.

ಒಳಗೆ ನರ್ಸ್ ಶ್ರೀಗೌರಿ ರೋಗಿಗಳ ಕಡೆಯವರನ್ನು ಕೋಳಿ ಅಟ್ಟುವಂತೆ ಹೊರಗಟ್ಟುತ್ತಿದ್ದರು. ಹದಿನಾಲ್ಕರಲ್ಲಿ ಒಬ್ಬ ಕತ್ತಿನವರೆಗೆ ಹೊದ್ದು ಮಲಗಿದ್ದ.

"ಖಾಜಾ ಪೀರ್ ಅಲ್ವಾ? ಭದ್ರಾವತಿ?"

ಅವನು ನರ್ಸಮ್ಮನ ಕಡೆ ಒಮ್ಮೆ ನೋಡಿ, "ಹೌದು ಸಾರ್," ಎಂದು ನರಳಿದ.

ಪಕ್ಕದ ಮಂಚದ ಹುಲಿಯಪ್ಪ ಆಸ್ಪತ್ರೆ ಸೇರಿ ತಿಂಗಳಾಗಿ ಅರ್ಧ ಡಾಕ್ಟರೇ ಆಗಿದ್ದ. "ಯಾಕೆ ಒದ್ದಾಡ್ತೀಯ ಮಾರಾಯ? ಎಡಪಕ್ಕೆ ಕೆಳಗೆ ಗುಲ್ಮ, ಅದೇ ನಿಮ್ಮ ಸ್ಪ್ಲೀನು, ಊದೈತೆ, ಮೂರು ಬೆರಳು. ನಿನ್ನೆ ಬಂದ ಹುಡುಗ್ರೂ ಅದನ್ನೇ ಬರ್ಕೊಂಡ್ರು. ಕೇಸ್ ಶೀಟಲ್ಲೂ ಐತೆ, ನೋಡ್ಕೊ," ಎಂದು ಮುಸಿಮುಸಿ ನಕ್ಕ.

ಅಭಯನಿಗೆ ಪರರ ಮೈ ಮುಟ್ಟಲು ನಾಚಿಕೆ. ಹೊದಿಕೆಯ ಮೇಲಿಂದಲೇ, ಸಂತೆಯಲ್ಲಿ ಹಲಸಿನ ಹಣ್ಣು ಒತ್ತಿ ನೋಡುವಂತೆ, ಎರಡು ಸಲ ಒತ್ತಿದ. ಕೈಗೆ ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದು ಬರೆಯುವುದಕ್ಕೂ ಧೈರ್ಯ ಬೇಕು. ಆ ಧೈರ್ಯ ಇವನಿಗೆಲ್ಲಿಂದ ಬರಬೇಕು? ಕೇಸ್ ಶೀಟ್ ನೋಡಿ ಇಳಿಸಿಕೊಂಡ.

ಶಶಿಧರ್ ಬಂದರು, ಹಿಂದೆ ಇಪ್ಪತ್ತು ಸಹಪಾಠಿಗಳು. ಅಭಯ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. "...ಗುಲ್ಮ ಮೂರು ಬೆರಳಷ್ಟು ಕೈಗೆ ಸಿಗುತ್ತೆ ಸಾರ್."

"ಏಯ್ ಜಮ್ಶೀದ್! ಏಳೋ!" ಬಾಗಿಲಲ್ಲಿ ಗಾಲಿಕುರ್ಚಿ ನಿಂತಿತ್ತು. ಅದರಲ್ಲಿ ಕೂತವನು ಕಿರುಚುತ್ತಿದ್ದ. "ನಾನು ಸ್ಕ್ಯಾನಿಂಗಿಗೆ ಹೋದ್ರೆ ನನ್ನ ಮಂಚ ಹತ್ತಿ ಮಲಗ್ತೀಯೇನೋ?"

ಮಂಚದ ಮೇಲಿದ್ದವನು ಎದ್ದು ಕೂತ. "ತಪ್ಪಾಯ್ತು ಸಾರ್. ನಾನು ಖಾಜಾ ಬಾವನ ಭಾಮೈದ. ನೆಲದ ಮೇಲೆ ನಿದ್ದೆ ಬರ್ಲಿಲ್ಲ. ಸಿಸ್ಟರ್ ಹೊರಗೆ ಹಾಕ್ತಾರಂತ ಹೆದ್ರಿ ಹೂಂ ಅಂದ್ಬಿಟ್ಟೆ."

ವಾರ್ಡು ಗೊಳ್ಳೆಂದಿತು. ಅಭಯನ ಕಿವಿಗಳು ಕಾದ ಹೆಂಚಾದವು. ಭೂಮಿ ಬಾಯಿ ಬಿಟ್ಟಿದ್ದರೆ ಕೇಸ್ ಶೀಟ್ ಸಮೇತ ಇಳಿದುಬಿಡುತ್ತಿದ್ದ.

ಶಶಿಧರ್ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದರು. "ಹೋಗ್ಲಿ, ಆಳು ತಪ್ಪಿತು. ಪರೀಕ್ಷೆ ಮಾಡಿದ್ದು ನಿಜ ತಾನೇ? ಇವನಲ್ಲೂ ಗುಲ್ಮ ಊದಿದ್ರೆ ಹೊಸ ಕೇಸು ಹಿಡಿದಂಗಾಯ್ತು. ಸಹಿ ಹಾಕ್ತೀನಿ. ಕೈಗೆ ಸಿಕ್ತಾ?"

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. "ದೇವ್ರಾಣೆ ಸಿಕ್ತು ಸಾರ್! ಮೂರು ಬೆರಳು!"

ಶಶಿಧರ್ ಜಮ್ಶೀದನ ಅಂಗಿ ಎತ್ತಿದರು. ಎದೆಯ ಕೆಳಗಿನಿಂದ ಹೊಕ್ಕುಳದಾಚೆಗೂ ಹೊಲಿಗೆಯ ಗುರುತು, ರೈಲು ಹಳಿಯಂತೆ.

"ಆರು ವರ್ಷದ ಹಿಂದೆ ಬೈಕಿಂದ ಬಿದ್ದಿದ್ದೆ ಸಾರ್," ಎಂದ ಜಮ್ಶೀದ್. "ಗುಲ್ಮ ಒಡೆದೈತೆ ಅಂತ ಪೂರ್ತಿ ತೆಗೆದ್ಬಿಟ್ರು. ಈಗ ಇವ್ರು ಮೂರು ಬೆರಳು ಅಂದಾಗಿಂದ ನನ್ನ ಎದೆ ಡವಡವ ಅಂತೈತೆ. ಅದು ಮತ್ತೆ ಬೆಳೀತಾ ಸಾರ್?"

ಶಶಿಧರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಕೇಳ್ತಿದಾನಲ್ಲ, ಹೇಳಿ ಡಾಕ್ಟ್ರೇ."