ವೀಬೆ ಹಾಕಿದ ಕೀಲಿಪದ

"ಇನ್ನು ಹದಿನೈದೇ ದಿನ! ಇಡೀ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಕುರ್ಚಿ ಅಂತ ಯಾರು ಹುಡುಕಿದ್ರೂ ಮೊದಲ ಪುಟದಲ್ಲಿ ನಿನ್ನ ಹೆಸರೇ ಬರಬೇಕು, ಹಾಗೆ ಮಾಡ್ತೀನಿ!" ಎಂದು ವೀಬೆ ಹೆಂಡತಿಯ ಮುಂದೆ ಕಾಫಿ ಲೋಟ ಎತ್ತಿ ಘೋಷಿಸಿದ.

ಬೋಲ್ಸ್‌ವರ್ಡ್ ಊರಿನ ಕಾಲುವೆ ಸೇತುವೆಯನ್ನು ಮೂವತ್ತೊಂದು ವರ್ಷ ಗುಂಡಿ ಒತ್ತಿ ಎತ್ತಿಳಿಸಿ ನಿವೃತ್ತನಾದ ಮಹಾನುಭಾವ ಅವನು. ಗುಂಡಿ ಒತ್ತಿದರೆ ಜಗತ್ತೇ ಮೇಲೇಳುತ್ತದೆ ಎಂಬ ನಂಬಿಕೆ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಹೆಂಡತಿ ಗೀಸ್ಕೆ ಮನೆ ಮುಂದಿನ ಶೆಡ್ಡಿನಲ್ಲಿ ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆದು, ಮೆತ್ತೆ ಹೊಲಿದು ಹೊಸದು ಮಾಡಿಕೊಡುತ್ತಿದ್ದಳು. ಕೈ ಬಂಗಾರ, ಗಿರಾಕಿ ಮಾತ್ರ ಇಲ್ಲ. ಚಳಿಗಾಲದೊಳಗೆ ಕೆಲಸ ಬರದಿದ್ದರೆ ಶೆಡ್ ಮುಚ್ಚಿಬಿಡುತ್ತೇನೆ ಎಂದು ಅವಳು ಹೇಳಿಯೂ ಆಗಿತ್ತು. ಅವಳ ವೆಬ್‌ಸೈಟಿನ ತಲೆಬರಹ ಒಂದೇ ಪದ: "ಮುಖಪುಟ". ಯಾರ ಮುಖ, ಯಾತರ ಪುಟ, ದೇವರೇ ಬಲ್ಲ!

ಲೈಬ್ರರಿಯಲ್ಲಿ ವೆಬ್‌ಸೈಟ್ ಇರುವವರಿಗಾಗಿ ಒಂದು ಮಧ್ಯಾಹ್ನದ ತರಗತಿ ನಡೆಯಿತು, ವೀಬೆಯೂ ಹೋಗಿ ಕುಳಿತ. "ಜನ ಯಾವ ಪದ ಹಾಕಿ ಹುಡುಕ್ತಾರೋ, ಅದನ್ನ ಪುಟದ ತಲೆಬರಹದಲ್ಲಿ ಹಾಕಿ. ಅದೇ ಕೀಲಿಪದ" ಎಂದಳು ಕಲಿಸುವಾಕೆ. ವೀಬೆಗೆ ಅಷ್ಟಕ್ಕೇ ಜ್ಞಾನೋದಯವಾಗಿ, ಕಾಫಿ ಬಿಡುವಿನಲ್ಲೇ ಎದ್ದು ಬಂದ. ತಲೆಬರಹ ಉದ್ದವಾದರೆ ಹುಡುಕುವ ಯಂತ್ರ ಅದನ್ನು ನಡುವಿಗೇ ಕತ್ತರಿಸಿ ತೋರಿಸುತ್ತದೆ ಎಂಬ ಪಾಠ ಇದ್ದದ್ದು ಬಿಡುವಿನ ನಂತರ. ಜ್ಞಾನಿಗಳಿಗೆ ಅದೆಲ್ಲ ಯಾಕೆ!

ಮನೆಗೆ ಬಂದವನೇ ಟೈಪು ಮಾಡಿದ: "ಹಳೆಯ ಕುರ್ಚಿ, ಸೋಫಾ, ಬೋಲ್ಸ್‌ವರ್ಡ್, ಗೀಸ್ಕೆಯ ಶೆಡ್, ಉಚಿತ ಸಾಗಾಣಿಕೆ, ಬೆತ್ತ, ಮೆತ್ತೆ, ಅಗ್ಗದ ರಿಪೇರಿ, ಅತ್ಯುತ್ತಮ, ಅತಿ ಉತ್ತಮ." ಗುಂಡಿ ಒತ್ತಿದ.

ಎರಡು ವಾರ ಕಳೆದು ಒಂದು ಶನಿವಾರ. ಅಪರೂಪಕ್ಕೆ ಬಿಸಿಲು. ಮೆತ್ತೆಗೆ ತುಂಬುವ ಕುದುರೆಕೂದಲು ತರಲು ಗೀಸ್ಕೆ ಲೇವಾರ್ಡನ್‌ಗೆ ಹೊರಟಳು.

"ರಿಪೇರಿಗೆ ಬಂದಿರೋ ಹನ್ನೊಂದು ಕುರ್ಚಿನೂ ಹೊರಗಿಡು, ಅಂಟು ಒಣಗ್ಲಿ. ಯಾರಾದ್ರೂ ಬಂದ್ರೆ ಸ್ವಲ್ಪ ನಗ್ತಾ ಮಾತಾಡು."

ಒಂಬತ್ತಕ್ಕೆ ಮೊದಲ ಆಸಾಮಿ, ಮುಂದೆ ದೊಡ್ಡ ಪೆಟ್ಟಿಗೆ ಇರುವ ಸೈಕಲ್ಲಿನಲ್ಲಿ ಬಂದ. "ಇದನ್ನ ತಗೊಂಡ್ಹೋಗ್ಲಾ ಸಾರ್?"

ರಿಪೇರಿಗೆ ಕೊಟ್ಟವನೇ ಬಂದಿದ್ದಾನೆ ಎಂದುಕೊಂಡ ವೀಬೆ ನಕ್ಕ. "ನಿಮ್ಮದೇ ಅಲ್ವಾ? ಧಾರಾಳವಾಗಿ!"

"ನಮ್ಮದೇ ಅಂತೀರಾ? ಎಂಥ ದೊಡ್ಡ ಮನಸ್ಸು ನಿಮ್ದು!"

ಹಿಂದೆಯೇ ಇನ್ನೊಬ್ಬ, ಮತ್ತೊಬ್ಬಳು, ಅವಳ ತಂಗಿ. ಎಲ್ಲರೂ ಅವನ ಕೈ ಕುಲುಕಿದ್ದೇ ಕುಲುಕಿದ್ದು! ವೀಬೆ ತಾನೇ ಹಗ್ಗ ತಂದು ಕುರ್ಚಿಗಳನ್ನು ಸೈಕಲ್ಲಿಗೆ ಬಿಗಿದುಕೊಟ್ಟ. ಹನ್ನೆರಡರೊಳಗೆ ಅಂಗಳ ಖಾಲಿ.

"ಕುರ್ಚಿಗಳೆಲ್ಲೋ?" ಮರಳಿ ಬಂದ ಗೀಸ್ಕೆ ಸೈಕಲ್ಲಿಂದ ಇಳಿಯಲೇ ಇಲ್ಲ.

"ಗಿರಾಕಿಗಳು ಒಯ್ದ್ರು. ಎಲ್ಲಾ ಒಂದೇ ದಿನ! ಕೀಲಿಪದದ ಮಹಿಮೆ ಕಣೇ!"

"ಎಷ್ಟು ಜನ ಬಂದಿದ್ರು?"

"ಒಂಬತ್ತು."

"ಹನ್ನೊಂದೂ ಮೂರೇ ಮನೆಯವು ಕಣೋ!"

ಗೀಸ್ಕೆ ಫೋನಿನಲ್ಲಿ ಹುಡುಕಿ ಅವನ ಮೂಗಿಗೆ ಹಿಡಿದಳು. ಮೊದಲ ಪುಟ, ಮೊದಲ ಸಾಲು: "ಹಳೆಯ ಕುರ್ಚಿ, ಸೋಫಾ, ಬೋಲ್ಸ್‌ವರ್ಡ್, ಗೀಸ್ಕೆಯ ಶೆಡ್, ಉಚಿತ..." ಆಮೇಲೆ ಮೂರು ಚುಕ್ಕಿ. ಸಾಗಾಣಿಕೆಯನ್ನು ಯಂತ್ರ ನುಂಗಿತ್ತು. ಕುರ್ಚಿಗಳನ್ನು ಊರು ನುಂಗಿತ್ತು.

"ಕೀಲಿಪದ ಹಾಕ್ತೀನಿ ಅಂತ ನನ್ನ ಶೆಡ್ಡಿಗೇ ಕೀಲಿ ಹಾಕಿಸಿದ್ಯಲ್ಲೋ ಮಾರಾಯ!"

ಗೀಸ್ಕೆ ಆಗಲೇ ತಲೆಬರಹ ಬದಲಿಸಿದಳು: "ಕುರ್ಚಿ ಒಯ್ದವರು ವಾಪಸ್ ತನ್ನಿ." ನಾಲ್ಕೇ ಪದ, ಚುಕ್ಕಿಗೆ ಜಾಗವಿಲ್ಲ. ತರದವರ ಮನೆ ಬಾಗಿಲಿಗೆ ವೀಬೆ ಸೈಕಲ್ ತುಳಿದು ಕೈಮುಗಿದ. ಒಬ್ಬ ಆಗಲೇ ಕುರ್ಚಿಯ ಎರಡು ಕಾಲಿಗೆ ನೀಲಿ ಬಣ್ಣ ಬಳಿದಿದ್ದ. ಇನ್ನೊಂದರ ಮೇಲೆ ಬೆಕ್ಕು ಮಲಗಿತ್ತು. ಅದು ಏಳುವ ತನಕ ಕಾಯಬೇಕಾಯಿತು. ಭಾನುವಾರ ಸಂಜೆಗೆ ಹತ್ತು ಸಿಕ್ಕವು. ಸಿಗದ ಹನ್ನೊಂದನೆಯದೇ ಹೋಕ್‌ಸ್ಟ್ರಾ ಮೇಡಂ ಅವರ ಅಜ್ಜನ ಕಾಲದ ಆರಾಮಕುರ್ಚಿ. ಮೇಡಂ ಎಂದರೆ ಊರಿನ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರ ಬಾಯಿಗೆ ಬಿದ್ದ ಅಂಗಡಿ ಮತ್ತೆ ಏಳುವುದಿಲ್ಲ.

ಸೋಮವಾರ ಇಬ್ಬರೂ ತಪ್ಪೊಪ್ಪಿಗೆಗೆ ಹೋದರು. ಬಾಗಿಲು ತೆರೆದೇ ಇತ್ತು. ಮೇಡಂ ಕಿಟಕಿ ಪಕ್ಕದಲ್ಲಿ ಮಹಾರಾಣಿಯಂತೆ ಕುಳಿತಿದ್ದರು. ಕುಳಿತದ್ದು, ಹೊಸ ಮೆತ್ತೆಯಿಂದ ಗುರುತೇ ಸಿಗದಂತಾಗಿದ್ದ ಅದೇ ಕುರ್ಚಿಯಲ್ಲಿ!

"ಬಾ ಗೀಸ್ಕೆ. ನನ್ನ ಹಳೇ ಕುರ್ಚಿ ರಿಪೇರಿ ಬೇಡ, ಬಿಟ್ಟುಬಿಡು. ನಮ್ಮ ಅಳಿಯ ಇದನ್ನ ಎಲ್ಲಿಂದಲೋ ಬಿಟ್ಟಿ ತಂದ. ನೋಡು, ಎಂಥ ಹೊಲಿಗೆ! ಬೇಜಾರ್ ಮಾಡ್ಕೋಬೇಡ, ನಿನ್ನ ಕೈಲಿ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ."

ಗೀಸ್ಕೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಮೇಡಂ, ಇದು ನಿಮ್ಮದೇ ಕುರ್ಚಿ. ಹೊಲಿದಿದ್ದೂ ನಾನೇ. ಕೆಳಗಡೆ ನಿಮ್ಮಜ್ಜನ ಹೆಸರು ಕೆತ್ತಿದೆ ನೋಡಿ."

ಮೇಡಂ ಎದ್ದು, ಕನ್ನಡಕ ಹಾಕಿ, ಬಗ್ಗಿ ಓದಿದರು. ನಡೆದ ಕತೆಯನ್ನೆಲ್ಲ ಕೇಳಿದರು. ಕನ್ನಡಕ ತೆಗೆದು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು.

"ಹಾಗಾದ್ರೆ ನಮ್ಮ ಊಟದ ಮನೆಯ ಎಂಟು ಕುರ್ಚಿನೂ ನಾಳೆ ಕಳಿಸ್ತೀನಿ. ಊರಿನವರಿಗೂ ಹೇಳ್ತೀನಿ" ಎಂದು ವೀಬೆಯನ್ನು ಮೇಲಿಂದ ಕೆಳಗೆ ನೋಡಿದರು. "ಇವನನ್ನ ಯಾಕೆ ಇನ್ನೂ ಇಟ್ಕೊಂಡಿದೀಯ? ಉಚಿತ ಅಂತ ಅಂಗಳದಲ್ಲಿ ನಿಲ್ಲಿಸಬಾರದಾ?"

ಗೀಸ್ಕೆ ನಿಟ್ಟುಸಿರು ಬಿಟ್ಟಳು.

"ಶನಿವಾರ ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದ ಮೇಡಂ. ಹನ್ನೊಂದು ಕುರ್ಚಿ ಹೊತ್ಕೊಂಡ್ಹೋದ್ರು, ಇವನನ್ನ ಒಬ್ರೂ ಕೇಳ್ಲಿಲ್ಲ!"